ಎಮ್ಮೆ ಕಟ್ಟಿದ ಮನೆಯಲ್ಲಿ ಒಬ್ಬರು ಉಳಿಯಬೇಕು

ಪ್ರಶ್ನೆ: ಅಕ್ಕ, ನನಗೆ 32 ವರ್ಷ. ಬೆಂಗಳೂರಿನ ಕಂಪನಿಯೊಂದಕ್ಕೆ ದಾವಣಗೆರೆಯ ಮನೆಯಿಂದಲೇ ಕೆಲಸ ಮಾಡುತ್ತೇನೆ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್. ಮಗನಿಗೆ ಎರಡು ವರ್ಷ, ಅಮ್ಮನಿಗೆ ಸಕ್ಕರೆ ಕಾಯಿಲೆ. ಅಪ್ಪ ಚನ್ನಗಿರಿ ಹತ್ತಿರ ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ರೈತರಿಗೆ ಬೇಕಾದದ್ದೆಲ್ಲ ಒಂದೇ ಕಡೆ ಸಿಗುವ ಆಪ್ ಮಾಡಬೇಕು ಅಂತ ಆಸೆ. ದಿನದ ದರ, ಹವಾಮಾನ, ರೋಗಕ್ಕೆ ಔಷಧ, ಸಾಲದ ಲೆಕ್ಕ, ಕೂಲಿ ಲೆಕ್ಕ ಎಲ್ಲವೂ ಅದರಲ್ಲಿ ಇರಬೇಕು. ಈಗ ಎಐ ಇರುವುದರಿಂದ ಮೂರು ತಿಂಗಳಲ್ಲಿ ಮುಗಿಸಬಲ್ಲೆ. ಕೆಲಸ ಬಿಡಲು ಹೆಂಡತಿಯೂ ಒಪ್ಪಿದ್ದಾಳೆ. ಬಿಡಲಾ? ನೀವು ಊರಲ್ಲೇ ಇದ್ದುಕೊಂಡು ಇಷ್ಟು ವರ್ಷ ಹೇಗೆ ನಡೆಸಿದಿರಿ? ಮನೆಯನ್ನು ಹೇಗೆ ಸಂಭಾಳಿಸಿದಿರಿ?

ಉತ್ತರ: ಈಗಲೇ ಕೆಲಸ ಬಿಡಬೇಡಿ. ಆದರೆ ಆಪ್ ಮಾಡಿ, ಖಂಡಿತ ಮಾಡಿ. ನೀವು ಬರೆದಿರುವಷ್ಟು ದೊಡ್ಡದು ಬೇಡ. ಅದರಲ್ಲಿರುವ ಕೂಲಿ ಲೆಕ್ಕ ಒಂದನ್ನೇ ಎತ್ತಿಕೊಳ್ಳಿ, ಉಳಿದ ನಾಲ್ಕನ್ನು ಪಕ್ಕಕ್ಕಿಡಿ. ಯಾಕೆ ಅಂತ ಹೇಳಬೇಕಾದರೆ ನಮ್ಮ ಮನೆಯ ಒಂದು ಮದುವೆಯಿಂದ ಶುರು ಮಾಡಬೇಕು.

ನಾನು 2012ರಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ದಾವಣಗೆರೆಗೆ ವಾಪಸ್ ಬಂದವಳು. ಅವತ್ತಿನಿಂದ ಮಾಡಿಕೊಂಡು ಬಂದಿರುವುದು ಒಂದೇ ಆಪ್. ಎಪಿಎಂಸಿಯಲ್ಲಿ ಮೆಕ್ಕೆಜೋಳ, ಭತ್ತದ ಚೀಲ ತೂಗುವಾಗ ಗುಮಾಸ್ತರು ತೂಕದ ಚೀಟಿ ಬರೆಯುತ್ತಾರಲ್ಲ, ಅದನ್ನು ಫೋನಿನಲ್ಲಿ ಬರೆದು, ಕೂಡಿ, ರೈತರಿಗೆ ಒಂದು ಪ್ರತಿ ಕಳಿಸುತ್ತದೆ. ಅಷ್ಟೇ ಅದರ ಕೆಲಸ.

2018ರ ನವೆಂಬರ್. ಹರಿಹರದಲ್ಲಿ ನನ್ನ ನಾದಿನಿಯ ಮದುವೆ, ಸೋಮವಾರ ಮುಹೂರ್ತ. ಶನಿವಾರ ರಾತ್ರಿ ನಾನು ಒಂದು ಸಣ್ಣ ಅಪ್‌ಡೇಟ್ ಬಿಟ್ಟಿದ್ದೆ. ತೂಕವನ್ನು ಎರಡು ದಶಾಂಶದವರೆಗೆ ಒಪ್ಪವಾಗಿ ತೋರಿಸುವುದು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಶುರುವಾಯಿತು. ಸಾಂಗ್ಲಿ ಕಡೆಯಿಂದ ಮಾಲು ಕೊಳ್ಳಲು ಬಂದವರೊಬ್ಬರ ಫೋನಿನಲ್ಲಿ ಇನ್ನೂರು ಚೀಲದ ಒಟ್ಟು ತೂಕ ಸೊನ್ನೆ ಅಂತ ಬರುತ್ತಿದೆ, ಲಾರಿ ನಿಂತಿದೆ, ಹಮಾಲರು ಸುಮ್ನೆ ಕೂತಿದ್ದಾರೆ, ಏನು ಮಾಡೋಣ ಅಂತ. ನಾನು ಕಲ್ಯಾಣ ಮಂಟಪದ ಉಗ್ರಾಣಕ್ಕೆ ಹೋಗಿ ಬಾಳೆಎಲೆ ಕಟ್ಟುಗಳ ಪಕ್ಕ ಅಕ್ಕಿ ಚೀಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಕಾರಣ ಸಿಗಲು ಒಂದೂವರೆ ಗಂಟೆ ಹಿಡಿಯಿತು.

ಅವರ ಫೋನಿನ ಭಾಷೆ ಮರಾಠಿ. ಆಂಡ್ರಾಯ್ಡ್‌ನಲ್ಲಿ ಸಂಖ್ಯೆಯನ್ನು ಬರಹಕ್ಕೆ ತಿರುಗಿಸುವಾಗ ಯಾವ ಭಾಷೆ ಅಂತ ನಾವು ಹೇಳದೇ ಹೋದರೆ ಅದು ಫೋನಿನ ಭಾಷೆಯನ್ನೇ ಹಿಡಿಯುತ್ತದೆ. ಕನ್ನಡ ಇಟ್ಟುಕೊಂಡ ಫೋನಿನಲ್ಲಿ ಮಾಮೂಲಿ 1, 2, 3 ಬರುತ್ತದೆ. ಮರಾಠಿಯಲ್ಲಿ ದೇವನಾಗರಿ ಅಂಕಿ ಬರುತ್ತದೆ. ನಾನು ಅದನ್ನೇ ಡೇಟಾಬೇಸಿಗೆ, ಅಂದರೆ ಆಪ್ ಲೆಕ್ಕ ಕೂಡಿಡುವ ಜಾಗಕ್ಕೆ, ತುಂಬಿಸಿದ್ದೆ. ಡೇಟಾಬೇಸಿಗೆ ಆ ಅಂಕಿಗಳು ಬರೀ ಅಕ್ಷರ. ಕೂಡು ಅಂದರೆ ಪ್ರತಿ ಚೀಲವನ್ನೂ ಸೊನ್ನೆ ಅಂತ ಹಿಡಿದು ಕೂಡಿತು. ತಪ್ಪು ನನ್ನದೇ, ಒಂದೇ ಸಾಲಿನಲ್ಲಿ ಸರಿಯಾಯಿತು. ಅಲ್ಲಿ ಯಾರ್ಡಿನಲ್ಲಿ ಗುಮಾಸ್ತರ ಹತ್ತಿರ ಕಾಗದದಲ್ಲೂ ತೂಕ ಇದ್ದದ್ದರಿಂದ ಲಾರಿ ಹೊರಟಿತು. ಆದರೆ ನಾನು ಉಗ್ರಾಣದಿಂದ ಎದ್ದು ಬರುವಷ್ಟರಲ್ಲಿ ಅಕ್ಕಿಕಾಳು ಹಾಕುವ ಹೊತ್ತು ಮುಗಿದಿತ್ತು. ಮನೆಯ ಹಿರಿ ಸೊಸೆ ಅಲ್ಲಿರಲಿಲ್ಲ.

ಅತ್ತೆ ಬಂದು ಬಾಗಿಲಲ್ಲಿ ನಿಂತರು. ಬೈಯುತ್ತಾರೆ ಅಂದುಕೊಂಡೆ. ಅವರು ಹೇಳಿದ್ದು ಇಷ್ಟು: "ಎಮ್ಮಿ ಕಟ್ಟಿದ ಮನ್ಯಾಗ ಎಲ್ಲರೂ ಒಟ್ಟಿಗೆ ಮದುವಿಗೆ ಹೋಗಾಕ ಬರಂಗಿಲ್ಲವ್ವ. ಒಬ್ರು ಉಳೀಬೇಕು. ನಿಂದೂ ಒಂದು ಎಮ್ಮೀನ ಅಂತ ಮೊದ್ಲೇ ಹೇಳಿದ್ರ ಯಾರನ್ನಾರ ಬಿಟ್ಟು ಬರ್ತಿದ್ವಿ."

ಅತ್ತೆ ಮೂವತ್ತು ವರ್ಷ ಎಮ್ಮೆ ಸಾಕಿದವರು. ಬೆಳಿಗ್ಗೆ ಐದಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ಹಾಲು ಹಿಂಡಲೇಬೇಕು. ಹಬ್ಬ, ಸಾವು, ಜ್ವರ ಯಾವುದನ್ನೂ ಎಮ್ಮೆ ಕೇಳುವುದಿಲ್ಲ. ನಾನು ಆರು ವರ್ಷದಿಂದ ಮನೆಯಲ್ಲಿ ಕಟ್ಟಿಕೊಂಡಿದ್ದದ್ದು ಇದನ್ನೇ, ಮನೆಯವರಿಗೆ ಮಾತ್ರ ಹೇಳಿರಲಿಲ್ಲ. ಕಂಪ್ಯೂಟರ್ ಕೆಲಸ ಅಂತ ಅವರು ಅಂದುಕೊಂಡಿದ್ದರು, ಅಂದರೆ ಮುಚ್ಚಿಟ್ಟರೆ ಮುಗಿಯುವ ಕೆಲಸ. ಅವತ್ತಿನ ನಂತರ ನಾನು ಆಪ್ ಬಗ್ಗೆ ತೆಗೆದುಕೊಂಡ ಎಲ್ಲ ತೀರ್ಮಾನಗಳ ಹಿಂದೆ ಒಂದೇ ಪ್ರಶ್ನೆ ಇದೆ. ಇದನ್ನು ದಿನಕ್ಕೆ ಎಷ್ಟು ಸಲ ಹಿಂಡಬೇಕು, ನಾನಿಲ್ಲದಾಗ ಯಾರು ಹಿಂಡುತ್ತಾರೆ?

ಈಗ ನಿಮ್ಮ ಮೂರು ತಿಂಗಳ ಲೆಕ್ಕಕ್ಕೆ ಬರೋಣ. ಎಐ ಇಟ್ಟುಕೊಂಡು ಮೂರು ತಿಂಗಳಲ್ಲಿ ಆಪ್ ಆಗುತ್ತದೆ, ನಂಬುತ್ತೇನೆ. ನಾನೂ ಬಳಸುತ್ತೇನೆ, ಮೊದಲು ಒಂದು ವಾರ ಹಿಡಿಯುತ್ತಿದ್ದ ಪರದೆ ಈಗ ಒಂದು ಮಧ್ಯಾಹ್ನದಲ್ಲಿ ಆಗುತ್ತದೆ. ಆದರೆ ಸಂತೆಗೆ ಹೋಗಿ ಎಮ್ಮೆ ಹಿಡಿದುಕೊಂಡು ಬರುವುದೂ ಒಂದು ಬೆಳಗಿನ ಕೆಲಸವೇ ಅಲ್ವಾ? ಅದು ಹತ್ತು ವರ್ಷ ಮನೆಯಲ್ಲಿರುತ್ತದೆ. ನೀವು ಮೂರು ತಿಂಗಳು ಎಣಿಸಿದ್ದೀರಿ. ಹತ್ತು ವರ್ಷ ಎಣಿಸಿ.

ದಿನದ ದರ ಕೊಡಬೇಕು ಅಂದರೆ ಯಾರೋ ಪ್ರತಿದಿನ ದರ ತುಂಬಬೇಕು, ಒಂದು ದಿನ ತಪ್ಪಿದರೂ ಜನ ಮತ್ತೆ ತೆರೆಯುವುದಿಲ್ಲ. ಅದೂ ಅಲ್ಲದೆ ನಿಮ್ಮ ಅಪ್ಪನವರು ದರಕ್ಕೆ ಆಪ್ ಕಾಯುತ್ತಾರಾ? ಚನ್ನಗಿರಿಯ ಅಡಿಕೆ ಮಾರಾಟದ ಸಹಕಾರ ಸಂಘ ತುಮ್‌ಕೋಸ್‌ನಲ್ಲಿ ಇವತ್ತು ಏನು ದರ ನಡೆಯಿತು ಅಂತ ಮಧ್ಯಾಹ್ನದೊಳಗೆ ವಾಟ್ಸ್‌ಆಪ್ ಗುಂಪಿನಲ್ಲಿ ಬಂದಿರುತ್ತದೆ. ಹವಾಮಾನ ಎಲ್ಲ ಫೋನಿನಲ್ಲೂ ಇದೆ. ಸಾಲದ ಲೆಕ್ಕಕ್ಕೆ ಕೈ ಹಾಕಬೇಡಿ. ಇನ್ನು ಔಷಧ. ಮಳೆಗಾಲದಲ್ಲಿ ಕೊಳೆ ರೋಗ ಬಂದಾಗ ನಿಮ್ಮ ಆಪ್ ನೋಡಿ ಯಾರಾದರೂ ತಪ್ಪು ಪ್ರಮಾಣದಲ್ಲಿ ಸಿಂಪಡಿಸಿದರೆ ಒಂದು ವರ್ಷದ ಫಸಲು ಹೋಗುತ್ತದೆ, ಆ ಹೊಣೆ ಹೊರುವ ಶಕ್ತಿ ಒಬ್ಬ ಮನುಷ್ಯನಿಗೆ ಇಲ್ಲ. ಅದನ್ನು ತೋಟಗಾರಿಕೆ ಇಲಾಖೆಯವರು, ಕೃಷಿ ವಿಜ್ಞಾನ ಕೇಂದ್ರದವರು ಗಿಡ ನೋಡಿ ಹೇಳಲಿ.

ಕೂಲಿ ಲೆಕ್ಕ ಹಾಗಲ್ಲ. ಯಾರು ಬಂದರು, ಎಷ್ಟು ಆಳು, ಯಾರು ಮುಂಗಡ ತೆಗೆದುಕೊಂಡರು, ಬಟವಾಡೆ ದಿನ ಯಾರಿಗೆ ಎಷ್ಟು ಕೊಡಬೇಕು. ಇದೆಲ್ಲ ಒಂದೇ ಫೋನಿನೊಳಗೆ ಹುಟ್ಟಿ ಅಲ್ಲೇ ಮುಗಿಯುವ ವ್ಯವಹಾರ. ನೀವು ಮೂರು ದಿನ ಧರ್ಮಸ್ಥಳಕ್ಕೆ ಹೋದರೂ ಅದು ನಡೆಯುತ್ತಿರುತ್ತದೆ. ನಿಮ್ಮ ಐದರಲ್ಲಿ ನಿಮ್ಮ ಮನೆಗೆ ಸಾಕಲು ಆಗುವ ಎಮ್ಮೆ ಇದೊಂದೇ.

ಅದಕ್ಕೇ ಸರ್ವರ್, ಅಂದರೆ ಎಲ್ಲರ ಲೆಕ್ಕವನ್ನೂ ಇಂಟರ್‌ನೆಟ್ ಮೂಲಕ ತುಂಬಿಡುವ ಬೇರೆ ಕಂಪ್ಯೂಟರ್, ಇಟ್ಟುಕೊಳ್ಳಬೇಡಿ ಅಂತ ಹೇಳುತ್ತೇನೆ, ಕನಿಷ್ಠ ಮೊದಲ ಎರಡು ವರ್ಷ. ಎಸ್‌ಕ್ಯೂಲೈಟ್ ಸಾಕು. ರಿಚರ್ಡ್ ಹಿಪ್ ಅನ್ನುವವರು 2000ದಲ್ಲಿ ಬಿಟ್ಟ ಡೇಟಾಬೇಸ್ ಅದು. ಪ್ರತಿ ಆಂಡ್ರಾಯ್ಡ್ ಫೋನಿನಲ್ಲಿ, ಪ್ರತಿ ಐಫೋನಿನಲ್ಲಿ ಈಗಾಗಲೇ ಇದೆ. ಯಾರ ಒಡೆತನವೂ ಇಲ್ಲ, ಕಾಸು ಕೊಡಬೇಕಿಲ್ಲ, ಎಲ್ಲ ಮಾಹಿತಿ ಒಂದೇ ಫೈಲಿನಲ್ಲಿ ಕೂರುತ್ತದೆ. ಜಗತ್ತಿನಲ್ಲೇ ಅತಿ ಹೆಚ್ಚು ಕಡೆ ಓಡುವ ಡೇಟಾಬೇಸ್, ಅದನ್ನು ನೋಡಿಕೊಳ್ಳುವ ತಂಡದಲ್ಲಿ ಇರುವುದು ಬೆರಳೆಣಿಕೆಯ ಜನ. ನನಗೆ ಈ ವಿಷಯ ಧೈರ್ಯ ಕೊಡುತ್ತದೆ. ತೋಟದಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ ಅನ್ನುವುದು ನಿಮಗೇ ಗೊತ್ತು, ಸರ್ವರ್ ಇಲ್ಲದಿದ್ದರೆ ಆ ತಲೆನೋವೂ ಇಲ್ಲ.

ಆದರೆ ಬ್ಯಾಕಪ್ ಮರೆಯಬೇಡಿ. ಒಬ್ಬ ಮಂಡಿ ಯಜಮಾನರ ಫೋನ್ ಭದ್ರಾ ನಾಲೆಗೆ ಬಿತ್ತು. ಒಂದು ಸುಗ್ಗಿಯ ಚೀಟಿಗಳೆಲ್ಲ ಅದರೊಳಗಿದ್ದವು. ಆಗ ನನ್ನ ಆಪ್‌ನಲ್ಲಿ ಬ್ಯಾಕಪ್ ಇತ್ತು, ಆದರೆ ಸೆಟ್ಟಿಂಗ್ಸ್ ಒಳಗೆ ಮೂರನೇ ಪುಟದಲ್ಲಿತ್ತು, ಅವರು ಯಾವತ್ತೂ ಒತ್ತಿರಲಿಲ್ಲ. ಈಗ ಸಂಜೆಯ ಕೊನೆ ಚೀಟಿ ಮುಗಿದ ಕೂಡಲೇ ಆಪ್ ತಾನೇ ಕೇಳುತ್ತದೆ. ಒಂದು ಗುಂಡಿ ಒತ್ತಿದರೆ ಫೈಲ್ ಅವರದೇ ಗೂಗಲ್ ಡ್ರೈವ್‌ಗೆ ಹೋಗುತ್ತದೆ. ನನ್ನ ಹತ್ತಿರ ಯಾರ ಲೆಕ್ಕವೂ ಇಲ್ಲ, ಬೇಡ ಕೂಡ. ಕೂಲಿಯವರ ಮುಂಗಡದ ವಿಷಯ ಊರಿಗೆಲ್ಲ ಗೊತ್ತಾಗಬಾರದು ಅಂತ ನಿಮ್ಮ ಬಳಕೆದಾರರಿಗೂ ಅನಿಸುತ್ತದೆ.

ಇನ್ನು ಪರದೆ ಹೇಗಿರಬೇಕು ಅನ್ನುವುದು. ಇದು ಕಂಪ್ಯೂಟರ್ ಮುಂದೆ ಕೂತು ಗೊತ್ತಾಗುವ ವಿಷಯ ಅಲ್ಲ. ನಾನು ಮೊದಲ ಸಲ ಮಾಡಿದಾಗ ಒಂದು ಚೀಲಕ್ಕೆ ಒಂದು ಸಾಲು ಇಟ್ಟಿದ್ದೆ, ಕೆಳಗೆ ಕೆಳಗೆ ಹೋಗುತ್ತಿತ್ತು, ನೋಡಲು ಚೆನ್ನಾಗಿತ್ತು. ಯಾರೂ ಬಳಸಲಿಲ್ಲ. ಆಮೇಲೆ ನಮ್ಮ ಸಂಬಂಧಿಕರ ಮಂಡಿಯಲ್ಲಿ ನಾಲ್ಕು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಒಂದು ಸ್ಟೂಲ್ ಮೇಲೆ ಕೂತೆ. ತೂಗುವವರು "ಐವತ್ತೆರಡು ನಾನೂರು" ಅಂತ ಕೂಗುತ್ತಾರೆ. ಗುಮಾಸ್ತರು ಕಾಗದ ನೋಡದೆ ಬರೆಯುತ್ತಾರೆ, ಕಣ್ಣು ಮುಂದಿನ ಚೀಲದ ಮೇಲಿರುತ್ತದೆ. ಒಂದು ಸಾಲಿಗೆ ಹತ್ತು ಚೀಲ, ಸಾಲು ಮುಗಿದ ಕೂಡಲೇ ಬಲಗಡೆ ಅದರ ಮೊತ್ತ. ಹತ್ತು ಸಾಲಾದರೆ ನೂರು ಚೀಲ, ಎಣಿಸುವ ಕೆಲಸವೇ ಇಲ್ಲ. ರೈತ ಪಕ್ಕದಲ್ಲಿ ನಿಂತು ತನ್ನ ಚೀಟಿಯ ಜೊತೆ ಸಾಲು ಸಾಲಾಗಿ ತಾಳೆ ನೋಡುತ್ತಾನೆ. ನನ್ನ ಉದ್ದನೆಯ ಪಟ್ಟಿಯಲ್ಲಿ ತಾಳೆ ನೋಡಲು ಸಾಧ್ಯವೇ ಇರಲಿಲ್ಲ, ಅದಕ್ಕೇ ಅವರು ಬಿಟ್ಟಿದ್ದರು. ಹತ್ತರ ಸಾಲು ಮಾಡಿದೆ, ಫೋನಿನ ಕೀಬೋರ್ಡ್ ತೆಗೆದು ಹೆಬ್ಬೆರಳಿಗೆ ಸಿಗುವಷ್ಟು ದೊಡ್ಡ ಅಂಕಿ ಗುಂಡಿ ಇಟ್ಟೆ, ಒತ್ತಿದಾಗ ಸಣ್ಣಗೆ ನಡುಗುವ ಹಾಗೆ ಮಾಡಿದೆ, ನೋಡದೇ ಒತ್ತಬಹುದು ಅಂತ. ಅವತ್ತಿನಿಂದ ಅದು ಆಪ್ ಆಯಿತು.

ನಿಮ್ಮ ತೋಟದಲ್ಲೂ ಹೀಗೇ ಏನೋ ಇರುತ್ತದೆ. ಕಳೆ ತೆಗೆಯಲು ಬಂದವರಿಗೆ ದಿನಗೂಲಿ, ಮಧ್ಯಾಹ್ನ ಹೋದವರಿಗೆ ಅರ್ಧ ಆಳು, ಅಡಿಕೆ ಸುಲಿಯುವವರಿಗೆ ಸುಲಿದಷ್ಟಕ್ಕೆ, ಖೇಣಿಗೆ, ಅಂದರೆ ಫಸಲನ್ನು ಮೊದಲೇ ಗುತ್ತಿಗೆಗೆ, ಕೊಟ್ಟ ತೋಟವಾದರೆ ಕೂಲಿ ಖೇಣಿದಾರರದ್ದು. ಮೂವರು ಮಂಜಮ್ಮ ಇದ್ದರೆ ಅಪ್ಪ ಪುಸ್ತಕದಲ್ಲಿ ಹೇಗೆ ಬರೆಯುತ್ತಾರೆ? ಕೆರೆ ಕಡೆ ಮಂಜಮ್ಮ, ಟೈಲರ್ ಮಂಜಮ್ಮ ಅಂತ ಇರುತ್ತದೆ. ಹೆಸರಿಗೊಂದು, ಅಡ್ಡಹೆಸರಿಗೊಂದು ಅಂತ ಎರಡು ಡಬ್ಬಿ ಕೊಟ್ಟು ತುಂಬಿ ಅಂದರೆ ಅವರು ತುಂಬುವುದಿಲ್ಲ. ಅವರು ಬರೆದ ಹಾಗೇ ಬರೆಯಲು ಬಿಡಿ.

ಕನ್ನಡದ ಬಗ್ಗೆ ಒಂದು ಮಾತು, ಇದರಲ್ಲಿ ನನ್ನ ಒಂದು ಇಡೀ ಬೇಸಿಗೆ ಹೋಯಿತು. ಹಳೆ ಅಂಗಡಿಗಳ ಕಂಪ್ಯೂಟರಿನಲ್ಲಿ ರೈತರ ಹೆಸರಿನ ಪಟ್ಟಿ ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಇರುತ್ತದೆ, ಈಗ ಎಲ್ಲ ಫೋನಿನಲ್ಲೂ ನಡೆಯುವ ಯೂನಿಕೋಡ್‌ನಲ್ಲಿ ಇರುವುದಿಲ್ಲ. ಅದನ್ನು ಹಾಗೇ ಫೋನಿಗೆ ತಂದರೆ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ. ಬದಲಿಸುವಾಗ ಜಾಸ್ತಿ ಕಾಡುವುದು ಅರ್ಕಾವತ್ತು. ಹಳೆಯದರಲ್ಲಿ ಅದು ಕಣ್ಣಿಗೆ ಕಂಡ ಹಾಗೆ ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಹಾಗೆ ಮೊದಲು ಬರಬೇಕು. ಕೃಷ್ಣಮೂರ್ತಿ, ಕೀರ್ತಿ ಅಂತ ಹೆಸರಿರುವವರನ್ನು ಮೊದಲು ಪರೀಕ್ಷೆ ಮಾಡಿ. ಹುಡುಕುವಾಗ "ಬಸವರಾಜ" ಅಂದರೆ ಬಸವರಾಜಪ್ಪನೂ ಸಿಗಬೇಕು, ಇಂಗ್ಲಿಷಿನಲ್ಲಿ ಟೈಪ್ ಮಾಡಿದರೂ ಸಿಗಬೇಕು.

ದುಡ್ಡಿನ ವಿಷಯ. ಮೊದಲ ದಿನದಿಂದಲೇ ಕಾಸು ಕೇಳಿ. ಉಚಿತವಾಗಿ ಕೊಟ್ಟರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ, ಯಾರೂ ತೆರೆಯುವುದಿಲ್ಲ. ಕಾಸು ಕೊಟ್ಟವರು ಬಂದು ಜಗಳ ಆಡುತ್ತಾರೆ, ಆ ಜಗಳದಿಂದಲೇ ಆಪ್ ಬೆಳೆಯುವುದು. ನಾನು ವರ್ಷಕ್ಕೆ 1,500 ರೂಪಾಯಿ ತೆಗೆದುಕೊಳ್ಳುತ್ತೇನೆ. ಮೊದಲ ವರ್ಷ ಕೊಟ್ಟದ್ದು 11 ಅಂಗಡಿ. ಈಗ ದಾವಣಗೆರೆ, ರಾಣೆಬೆನ್ನೂರು, ಹಾವೇರಿ, ಶಿವಮೊಗ್ಗ ಸೇರಿ 700ರ ಹತ್ತಿರ ಇದೆ. ಇಲ್ಲಿಗೆ ಬರಲು ಎಂಟು ವರ್ಷ ಬೇಕಾಯಿತು. ಮಧ್ಯದ ವರ್ಷಗಳಲ್ಲಿ ಗಂಡನ ಸಂಬಳದಲ್ಲೇ ಮನೆ ನಡೆದದ್ದು, ಅದನ್ನು ಮುಚ್ಚಿಡುವುದಿಲ್ಲ.

ತಿಂಗಳು ತಿಂಗಳು ಹಣ ಕೀಳುವ ಪದ್ಧತಿ ಇಲ್ಲಿ ನಡೆಯುವುದಿಲ್ಲ. ನಾನು ಪ್ರಯತ್ನ ಮಾಡಿದ್ದೇನೆ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮ ಬಿಗಿ ಮಾಡಿತು. ಕಾರ್ಡಿನಿಂದ ತಾನಾಗಿ ಹಣ ಹೋಗಬೇಕಾದರೆ ಗ್ರಾಹಕರು ಮೊದಲೇ ಒಪ್ಪಿಗೆ ಕೊಟ್ಟಿರಬೇಕು, ಪ್ರತಿ ಸಲ 24 ಗಂಟೆ ಮುಂಚೆ ಸೂಚನೆ ಹೋಗಬೇಕು ಅಂತ. ಜನರಿಗೆ ಅದು ಒಳ್ಳೆಯದೇ. ನನ್ನ ತಿಂಗಳ ಚಂದಾದಾರರಲ್ಲಿ ಅರ್ಧಕ್ಕರ್ಧ ಜನ ಅಲ್ಲಿಗೇ ನಿಂತರು. ಆಮೇಲೆ ಯೋಚನೆ ಮಾಡಿದರೆ ತಪ್ಪು ಮೊದಲೇ ಆಗಿತ್ತು. ಬೆಳೆ ಬಂದಾಗ ದುಡ್ಡು ನೋಡುವವರ ಹತ್ತಿರ ಜೂನ್ ತಿಂಗಳಲ್ಲಿ ನೂರು ರೂಪಾಯಿ ಕೇಳಿದರೂ ಭಾರ, ಜನವರಿಯಲ್ಲಿ ಸಾವಿರ ಕೇಳಿದರೂ ಹಗುರ. ನಿಮ್ಮದು ಅಡಿಕೆ, ಮಾಲು ಮಾರಿದ ಮೇಲೆ ಕೇಳಿ, ವರ್ಷಕ್ಕೆ ಒಂದೇ ಸಲ.

ಇನ್ನು ಆಪ್ ಇಟ್ಟು ಮಾರುವ ಜಾಗ, ಅಂದರೆ ಪ್ಲೇ ಸ್ಟೋರ್. ಖಾತೆಗೆ ಒಂದೇ ಸಲ 25 ಡಾಲರ್. ಆಪಲ್‌ನವರಿಗಾದರೆ ಪ್ರತಿ ವರ್ಷ 99 ಡಾಲರ್, ನಿಮ್ಮ ತೋಟಗಳಲ್ಲಿ ಐಫೋನ್ ಎಷ್ಟಿವೆ ನೋಡಿ ಆಮೇಲೆ ಯೋಚಿಸಿ. ಪ್ಲೇ ಸ್ಟೋರ್‌ನವರು 2021ರ ಜುಲೈನಿಂದ ಸಣ್ಣವರಿಗೆ ಕಮಿಷನ್ ಶೇ 30ರಿಂದ ಶೇ 15ಕ್ಕೆ ಇಳಿಸಿದರು. 1,000 ರೂಪಾಯಿಗೆ 150 ಅವರದು ಅಂತ ಲೆಕ್ಕ ಇಡಿ, ಖಾತೆ ತೆರೆಯುವ ದಿನ ದರ ಇನ್ನೊಮ್ಮೆ ನೋಡಿಕೊಳ್ಳಿ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಒಂದು ಷರತ್ತು ಇದೆ. ಆಪ್ ಎಲ್ಲರಿಗೂ ಬಿಡುವ ಮೊದಲು ಕನಿಷ್ಠ 12 ಜನ ಸತತ 14 ದಿನ ಅದನ್ನು ಪರೀಕ್ಷೆಗೆ ಇಟ್ಟುಕೊಂಡಿರಬೇಕು. ಮೊದಲು 20 ಜನ ಬೇಕಿತ್ತು, ಆಮೇಲೆ ಇಳಿಸಿದರು. ದುಡ್ಡು ಕೊಟ್ಟರೆ 12 ಜನರನ್ನು ಒದಗಿಸಿಕೊಡುವವರು ಇದ್ದಾರೆ, ದಯವಿಟ್ಟು ಅವರ ಹತ್ತಿರ ಹೋಗಬೇಡಿ. ಅಪ್ಪನ ಸುತ್ತಮುತ್ತಲ ತೋಟದವರೇ 12 ಜನ ಸಿಗುತ್ತಾರೆ, ಆ 14 ದಿನದಲ್ಲಿ ಅವರು ಎಲ್ಲಿ ಎಡವುತ್ತಾರೆ ಅನ್ನುವುದೇ ನಿಮಗೆ ಸಿಗುವ ದೊಡ್ಡ ಪಾಠ.

ಇನ್ನೊಂದನ್ನು ಮನೆಯಲ್ಲಿ ಮಾತಾಡಿಕೊಂಡೇ ಮಾಡಿ. ವೈಯಕ್ತಿಕ ಖಾತೆಯಿಂದ ದುಡ್ಡು ತೆಗೆದುಕೊಳ್ಳುವ ಆಪ್ ಹಾಕಿದರೆ ನಿಮ್ಮ ಪೂರ್ತಿ ವಿಳಾಸ ಸ್ಟೋರ್‌ನಲ್ಲಿ ಎಲ್ಲರಿಗೂ ಕಾಣುತ್ತದೆ. ಮನೆ ವಿಳಾಸ ಕೊಟ್ಟರೆ ಹೆಂಡತಿ, ಮಗು, ಅಮ್ಮ ಇರುವ ಮನೆಯ ವಿಳಾಸ ಅದು. ನನ್ನ ಮನೆ ಬಾಗಿಲಿಗೆ ರಾತ್ರಿ ಒಂಬತ್ತಕ್ಕೆ ಚೀಟಿ ಹಿಡಿದುಕೊಂಡು ಬಂದವರಿದ್ದಾರೆ. ಒಳ್ಳೆಯವರೇ, ಕಾಫಿ ಕುಡಿದು ಹೋದರು, ಆದರೂ ಅವತ್ತು ಮಗಳಿಗೆ ಜ್ವರ ಇತ್ತು. ಹೊರಗೆ ಒಂದು ಸಣ್ಣ ಕೋಣೆ ಬಾಡಿಗೆಗೆ ಹಿಡಿಯುವ ಆಲೋಚನೆ ಇದ್ದರೆ ಖಾತೆ ತೆರೆಯುವ ಮೊದಲೇ ಹಿಡಿಯಿರಿ.

ಎಮ್ಮೆಗೆ ವರ್ಷಕ್ಕೊಮ್ಮೆ ಒಂದು ದೊಡ್ಡ ಚಾಕರಿಯೂ ಇದೆ. ಹೊಸ ಆಂಡ್ರಾಯ್ಡ್ ಬಂದ ಹಾಗೆ ಆಪ್ ಕೂಡ ಅದಕ್ಕೆ ಹೊಂದುವಂತೆ ಮಾಡಬೇಕು ಅಂತ ಪ್ಲೇ ಸ್ಟೋರ್ ಪ್ರತಿ ವರ್ಷ ಗಡುವು ಕೊಡುತ್ತದೆ. ಮಾಡದಿದ್ದರೆ ಅಪ್‌ಡೇಟ್ ಹಾಕಲು ಬಿಡುವುದಿಲ್ಲ, ಹೊಸ ಫೋನಿನವರಿಗೆ ಆಪ್ ಕಾಣುವುದೂ ನಿಲ್ಲುತ್ತದೆ. ನಾನು ಜೂನ್ ಜುಲೈ ಅದಕ್ಕೇ ಇಟ್ಟಿದ್ದೇನೆ. ಮೆಕ್ಕೆಜೋಳ ಯಾರ್ಡಿಗೆ ಬರಲು ಶುರುವಾದ ಮೇಲೆ ಏನನ್ನೂ ಮುಟ್ಟುವುದಿಲ್ಲ. ಶನಿವಾರ ರಾತ್ರಿಯಂತೂ ಇಲ್ಲವೇ ಇಲ್ಲ.

ಈಗ ಕೆಲಸ ಬಿಡುವ ಮಾತು. ನನ್ನ ಅಪ್ಪ ಇಲ್ಲಿನ ಹತ್ತಿ ಗಿರಣಿಯಲ್ಲಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು, ಅರ್ಧ ಊರು ಗಿರಣಿಯ ಕೂಗಿಗೆ ಏಳುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅವರ ಗಿರಣಿ ಮುಚ್ಚಿತು. ಮುಂದಿನ ಎರಡು ವರ್ಷ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ, ಅದು ನನಗೆ ಚೆನ್ನಾಗಿ ನೆನಪಿದೆ. ಹಾಗಾಗಿ ಒಂದೇ ಕಡೆಯಿಂದ ಬರುವ ಅನ್ನ ಅಂದರೆ ನನಗೆ ಭಯ. ದೊಡ್ಡ ವ್ಯಾಪಾರಿಯೊಬ್ಬರು ತಮ್ಮ ಅಂಗಡಿಗಳಿಗೆ ಮಾತ್ರ ಬೇರೆ ಆಪ್ ಮಾಡಿಕೊಡಿ, ವರ್ಷಕ್ಕೆ ನನ್ನ ಆದಾಯದ ಅರ್ಧಕ್ಕಿಂತ ಜಾಸ್ತಿ ಕೊಡುತ್ತೇನೆ ಅಂದಾಗಲೂ ಬೇಡ ಅಂದೆ. ಒಂದು ಅಂಗಡಿ ಬಿಟ್ಟರೆ 1,500 ಹೋಗುತ್ತದೆ, ನಿದ್ದೆ ಹೋಗುವುದಿಲ್ಲ.

ನಿಮ್ಮ ಸಂಬಳ ಈಗ ಒಂದೇ ಕಡೆಯ ಅನ್ನ ಇರಬಹುದು, ಆದರೆ ಅದನ್ನು ಬಿಟ್ಟು ಇನ್ನೂ ಹಾಲು ಕೊಡದ ಎಮ್ಮೆಯನ್ನು ನಂಬುವುದು ಅದಕ್ಕಿಂತ ಕಷ್ಟ. ಎರಡು ಸುಗ್ಗಿ ಕಾಯಿರಿ. ಎರಡೂ ಸುಗ್ಗಿಯಲ್ಲಿ ಆಪ್‌ನಿಂದ ಮನೆ ಖರ್ಚಿನ ಅರ್ಧ ಬಂದರೆ, ಒಂದು ವರ್ಷದ ಪೂರ್ತಿ ಖರ್ಚು ಬ್ಯಾಂಕಿನಲ್ಲಿದ್ದರೆ, ಬಿಡಿ. ಅಲ್ಲಿಯವರೆಗೆ ಬೆಳಿಗ್ಗೆ ಒಂದೂವರೆ ಗಂಟೆ, ಭಾನುವಾರ ಬೇಡ. ಕಂಪನಿಗೆ ಸೇರುವಾಗ ಸಹಿ ಹಾಕಿದ ಕರಾರನ್ನು ಇವತ್ತೇ ತೆಗೆದು ಓದಿ. ಹೊರಗಿನ ಕೆಲಸಕ್ಕೆ ಅನುಮತಿ ಬೇಕು, ನೀವು ಬರೆದದ್ದೆಲ್ಲ ಕಂಪನಿಯದು ಅಂತ ಕೆಲವದರಲ್ಲಿ ಇರುತ್ತದೆ. ಇದ್ದರೆ ಲಿಖಿತವಾಗಿ ಕೇಳಿ. ಅವರ ಲ್ಯಾಪ್‌ಟಾಪಿನಲ್ಲಿ ಒಂದು ಸಾಲೂ ಬರೆಯಬೇಡಿ.

ಅಮ್ಮನ ವಿಮೆ ಇದಕ್ಕಿಂತ ಮುಖ್ಯ. ಕಂಪನಿಯ ಗುಂಪು ವಿಮೆಯಲ್ಲಿ ಅವರ ಹೆಸರಿದ್ದರೆ ನೀವು ಬಿಟ್ಟ ದಿನ ಅದೂ ಹೋಗುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ. 2024ರಲ್ಲಿ ಅದರ ಗರಿಷ್ಠ ಮಿತಿಯನ್ನು ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿದ್ದಾರೆ, ಆದರೂ ಮೂರು ವರ್ಷ ಸಣ್ಣದಲ್ಲ. ಈಗಲೇ ಬೇರೆ ಪಾಲಿಸಿ ಶುರು ಮಾಡಿದರೆ ನೀವು ಸಂಬಳದಲ್ಲಿರುವಾಗಲೇ ಆ ಅವಧಿ ಕಳೆಯುತ್ತಾ ಹೋಗುತ್ತದೆ. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಬಹುದಾ ಅಂತಲೂ ಕೇಳಿ. ತೆರಿಗೆಗೆ ಒಬ್ಬ ಆಡಿಟರ್ ನೋಡಿಕೊಳ್ಳಿ. ಸೇವೆಗಳಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ನಿಮಗೆ ಸದ್ಯಕ್ಕೆ ಅದರ ಚಿಂತೆ ಬೇಡ.

ಹೆಂಡತಿ ಒಪ್ಪಿದ್ದಾಳೆ ಅಂತ ಬರೆದಿದ್ದೀರಿ. ಯಾವುದಕ್ಕೆ ಒಪ್ಪಿದ್ದಾರೆ ಅಂತ ಕೇಳಿದ್ದೀರಾ? ಸಂಬಳ ನಿಲ್ಲುವುದಕ್ಕಾ, ಅಥವಾ ಅವರು ಶಾಲೆಯಿಂದ ಬಂದ ಮೇಲೂ ನೀವು ಫೋನಿನಲ್ಲಿ ಮಾತಾಡುತ್ತಾ ಇರುವುದಕ್ಕಾ? ಎರಡೂ ಬೇರೆ. ನಮ್ಮ ಮನೆಯಲ್ಲಿ ಜಗಳ ಆದದ್ದು ದುಡ್ಡಿಗಲ್ಲ. ಊಟದ ತಟ್ಟೆ ಮುಂದೆ ಫೋನ್ ಎತ್ತಿದ್ದಕ್ಕೆ. ಎರಡು ವರ್ಷದ ಮಗು ಅಂದರೆ ಯಾರಾದರೂ ಒಬ್ಬರ ಕಣ್ಣು ಸದಾ ಅದರ ಮೇಲೆ ಇರಬೇಕು, ಆ ಕಣ್ಣು ಯಾವ ಗಂಟೆಗೆ ಯಾರದು ಅಂತ ಇಬ್ಬರೂ ಕೂತು ಕಾಗದದ ಮೇಲೆ ಬರೆಯಿರಿ. ಹೇಗೂ ಅಮ್ಮ ಇದ್ದಾರಲ್ಲ ಅಂತ ಬಿಡಬೇಡಿ, ಅವರ ಗಂಟೆಯನ್ನೂ ಅವರನ್ನೇ ಕೇಳಿ ಬರೆಯಿರಿ. ಊರಲ್ಲಿ ಮನೆಯಲ್ಲಿದ್ದು ಕೆಲಸ ಮಾಡುವವರಿಗೆ ಇನ್ನೊಂದು ಕಷ್ಟ ಇದೆ, ನಿಮಗೆ ಗೊತ್ತೇ ಇರುತ್ತದೆ. ಮನೆಯಲ್ಲೇ ಇದ್ದೀಯಲ್ಲ, ಗ್ಯಾಸ್ ಬುಕ್ ಮಾಡು, ಬ್ಯಾಂಕಿಗೆ ಹೋಗಿ ಬಾ, ಅತ್ತಿಗೆಯನ್ನು ಸ್ಟೇಷನ್ನಿಗೆ ಬಿಟ್ಟು ಬಾ. ಕಂಪನಿ ಹೆಸರಿರುವವರೆಗೆ ಜನ ಸ್ವಲ್ಪ ಬಿಡುತ್ತಾರೆ. ಸ್ವಂತ ಕೆಲಸ ಅಂದ ಕೂಡಲೇ ಬಿಡುವುದಿಲ್ಲ.

ನಾನು ಮಾಡಿದ್ದು ಇಷ್ಟು. ವಿದ್ಯಾನಗರದಲ್ಲಿ ಮಹಡಿ ಮೇಲೆ ಒಂದು ಕೋಣೆ ಹಿಡಿದೆ. ಮಗಳು ಶಾಲೆಗೆ ಹೋದ ಮೇಲೆ ಹತ್ತಕ್ಕೆ ಬಾಗಿಲು ತೆಗೆದು ಎರಡಕ್ಕೆ ಹಾಕುತ್ತೇನೆ. ನಾಲ್ಕು ಗಂಟೆ ಸಾಲದು ಅನಿಸುತ್ತದೆ, ಆದರೆ ಯಾರೂ ಕರೆಯದ ನಾಲ್ಕು ಗಂಟೆ ತುಂಬಾ ದೊಡ್ಡದು. ಗ್ರಾಹಕರಿಗೆ ಬೇರೆ ನಂಬರ್, ಅದು ಕೋಣೆಯಲ್ಲೇ ಉಳಿಯುತ್ತದೆ. ಅಕ್ಟೋಬರ್‌ನಿಂದ ಜನವರಿವರೆಗೆ ಮಾತ್ರ ಸಂಜೆ ಎರಡು ಗಂಟೆ ಫೋನ್ ತೆಗೆದುಕೊಳ್ಳಲು ನಿಟ್ಟುವಳ್ಳಿಯ ಬಿ.ಕಾಂ ಓದಿದ ಹುಡುಗಿ ಬರುತ್ತಾಳೆ. ನೂರಕ್ಕೆ ತೊಂಬತ್ತು ಪ್ರಶ್ನೆಗೆ ಅವಳೇ ಉತ್ತರ ಕೊಡುತ್ತಾಳೆ, ಚೀಟಿಯ ವ್ಯವಹಾರ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅವಳ ಸಂಬಳ ಕೊಡುವಾಗ ನನಗೆ ಒಂದು ದಿನವೂ ಭಾರ ಅನಿಸಿಲ್ಲ. ಹೋದ ವರ್ಷ ಡಿಸೆಂಬರಿನಲ್ಲಿ ಮೈದುನನ ಮಗುವಿನ ನಾಮಕರಣ ಇತ್ತು. ಅತ್ತೆ ಹೊರಡುವ ಮೊದಲು ಕೇಳಿದರು: "ಎಮ್ಮಿ ಹತ್ರ ಯಾರದಾರ?" ಹುಡುಗಿ ಇದ್ದಾಳೆ ಅಂದೆ. ಎಲ್ಲರೂ ಒಂದೇ ಕಾರಿನಲ್ಲಿ ಹೋದೆವು.

ಮುಂದಿನ ಬಟವಾಡೆ ದಿನ ತೋಟಕ್ಕೆ ಹೋಗಿ ಅಪ್ಪನ ಪಕ್ಕ ಕೂತುಕೊಳ್ಳಿ. ಫೋನ್ ಜೇಬಿನಲ್ಲಿರಲಿ, ಏನೂ ಸಲಹೆ ಕೊಡಬೇಡಿ. ಅವರು ಯಾರ ಹೆಸರನ್ನು ಮೊದಲು ಕರೆಯುತ್ತಾರೆ, ಮುಂಗಡವನ್ನು ಎಲ್ಲಿ ಕಳೆಯುತ್ತಾರೆ, ಚಿಲ್ಲರೆ ಇಲ್ಲದಾಗ ಬಾಕಿಯನ್ನು ಎಲ್ಲಿ ಗುರುತು ಹಾಕುತ್ತಾರೆ, ಇಷ್ಟನ್ನು ನೋಡಿ. ಅವರು ಒಪ್ಪಿದರೆ ಆ ಪುಸ್ತಕದ ಎರಡು ಪುಟದ ಫೋಟೋ ತೆಗೆದು, ಕೂಲಿಯವರ ಹೆಸರು ಮುಚ್ಚಿ ನನಗೆ ಕಳಿಸಿ. ಮೊದಲ ಪರದೆ ಹೇಗಿರಬೇಕು ಅಂತ ಅದನ್ನು ಇಟ್ಟುಕೊಂಡೇ ಮಾತಾಡೋಣ.